ಮೂರು ದಿನದಲ್ಲಿ ಕುದುರೆಮುಖದ ಶಿಖರವೂ ಬೇಕು, ಅಬ್ಬಿಗಳೂ (ಜಲಪಾತಗಳೂ) ಬೇಕು ಅಂದರೆ?

ಪ್ರಶ್ನೆ: ನಾವು ಬೆಂಗಳೂರಿನವರು. ನಾನು, ನಮ್ಮ ಯಜಮಾನರು, 13 ಮತ್ತು 9 ವರ್ಷದ ಇಬ್ಬರು ಮಕ್ಕಳು, ಅತ್ತೆ-ಮಾವ, ಜೊತೆಗೆ ನನ್ನ ತಮ್ಮ. ಆಗಸ್ಟ್ 15ರ ರಜೆಗೆ ಶನಿವಾರ, ಭಾನುವಾರ ಸೇರಿಸಿಕೊಂಡು ಮೂರು ದಿನ ಕುದುರೆಮುಖಕ್ಕೆ ಹೋಗೋಣ ಅಂದುಕೊಂಡಿದ್ದೇವೆ. ಕುದುರೆಮುಖ ಶಿಖರದ ಚಾರಣ, ಹನುಮನಗುಂಡಿ, ಸೋಮಾವತಿ, ಬಂಡಾಜೆ ಜಲಪಾತಗಳು, ಆಗುಂಬೆ, ಶೃಂಗೇರಿ, ಹೊರನಾಡು ಇಷ್ಟು ಪಟ್ಟಿಯಲ್ಲಿದೆ. ಮಾವನಿಗೆ 68 ವರ್ಷ, ಮಂಡಿ ನೋವಿದೆ. ಯಾವ ಕ್ರಮದಲ್ಲಿ ಹೋದರೆ ಎಲ್ಲವನ್ನೂ ನೋಡಬಹುದು?

ಉತ್ತರ: ನಿಮ್ಮ ಪಟ್ಟಿಯನ್ನು ನನ್ನ ಹೆಂಡತಿಗೆ ಓದಿ ಹೇಳಿದೆ. "ಇವರು ಕಾರಿಂದ ಇಳಿಯೋದು ಯಾವಾಗ?" ಅಂತ ಕೇಳಿದಳು. ನಗಬೇಡಿ, ಲೆಕ್ಕ ಹಾಕಿ. ಬೆಂಗಳೂರಿಂದ ಕಳಸಕ್ಕೆ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಸುಮಾರು 320 ಕಿಲೋಮೀಟರ್. ಮಕ್ಕಳು, ಹಿರಿಯರು ಇರುವ ಗಾಡಿಗೆ ತಿಂಡಿ, ಕಾಫಿ, ಒಬ್ಬರಿಗೆ ವಾಂತಿ, ಇನ್ನೊಬ್ಬರಿಗೆ ಬಾತ್‌ರೂಮು ಅಂತ ಎಂಟು ಗಂಟೆ ಹಿಡಿಯುತ್ತದೆ. ಹೋಗಲು ಒಂದು ದಿನ, ಬರಲು ಒಂದು ದಿನ. ಉಳಿದದ್ದು ಒಂದೇ ದಿನ, ಅದಕ್ಕೆ ಏಳು ಜಾಗ. ಕ್ರಮ ಹೇಗೆ ಬದಲಾಯಿಸಿದರೂ ಇದು ಆಗುವ ಮಾತಲ್ಲ.

ಕ್ರಮಕ್ಕಿಂತ ಮೊದಲು ಇನ್ನೊಂದು ತೀರ್ಮಾನ ಆಗಬೇಕು. ನಿಮಗೆ ಬೇಕಿರುವುದು ನೀರೋ, ಬೆಟ್ಟವೋ? ನಮ್ಮ ಕಡೆ ಇವೆರಡೂ ಒಂದೇ ತಿಂಗಳಲ್ಲಿ ಚೆನ್ನಾಗಿ ಸಿಗುವುದು ತೀರಾ ಕಡಿಮೆ. ಇಬ್ಬರು ಮಕ್ಕಳು, ಇಬ್ಬರು ಹಿರಿಯರು ಇರುವ ತಂಡಕ್ಕೆ ನನ್ನ ಸಲಹೆ ನೀರು. ಶಿಖರವನ್ನು ಈ ಸಲ ಬಿಟ್ಟುಬಿಡಿ. ತಮ್ಮನಿಗೆ ಬೇಜಾರಾದರೆ ಅವರಿಗೆ ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ.

ಶಿಖರ ಯಾಕೆ ಬೇಡ ಅಂದರೆ, ಕುದುರೆಮುಖ 1894 ಮೀಟರ್ ಎತ್ತರ. ಹಿಂದಿನವರು ಇದನ್ನು ಸಂಸೆ ಪರ್ವತ ಅಂತಲೂ ಕರೆಯುತ್ತಿದ್ದರು, ಸಂಸೆ ಕಡೆಯಿಂದ ಹತ್ತುತ್ತಿದ್ದರು ಅಂತ. ಈಗಲೂ ಅದೇ ಕಡೆ. ಬಾಳೆಗಲ್‌ನಿಂದ ಮುಳ್ಳೋಡಿಗೆ ಜೀಪು, ಅಲ್ಲಿಂದ ನಡಿಗೆ. ಹೋಗಿ ಬರಲು 20 ಕಿಲೋಮೀಟರ್ ಮೇಲಾಗುತ್ತದೆ. ಬೆಳಿಗ್ಗೆ ಹೊರಟವರು ಸಂಜೆ ಆರರೊಳಗೆ ಕೆಳಗಿರಬೇಕು. ಕಾಡಿನೊಳಗೆ ಟೆಂಟ್ ಹಾಕಿ ಮಲಗಲು ಬಿಡುವುದಿಲ್ಲ. ದಾರಿಯಲ್ಲಿ ನಾಲ್ಕೈದು ಹಳ್ಳ ದಾಟಬೇಕು. ಒಂಟಿಮರ ಅಂತ ಒಂದು ಜಾಗ ಇದೆ, ಬೋಳು ಹುಲ್ಲುಗುಡ್ಡದ ಮೇಲೆ ನಿಜಕ್ಕೂ ಒಂದೇ ಮರ. ಆಗಸ್ಟ್‌ನಲ್ಲಿ ಆ ಮರ ಹತ್ತು ಹೆಜ್ಜೆ ದೂರ ಬರುವವರೆಗೆ ಕಾಣುವುದಿಲ್ಲ. ಅಲ್ಲಿಂದ ಮೇಲೆ ಪೂರ್ತಿ ಬಿಳಿ. ಗಾಳಿ ಮಳೆಯನ್ನು ಅಡ್ಡಡ್ಡಲಾಗಿ ಮುಖಕ್ಕೆ ಹೊಡೆಯುತ್ತದೆ. ಆರು ಗಂಟೆ ಹತ್ತಿ ಮೇಲೆ ಹೋದವರು ನೋಡಿ ಬರುವುದು ಮುಂದಿನವರ ರೈನ್‌ಕೋಟಿನ ಬೆನ್ನನ್ನು. ಹುಡುಗರು ಅದನ್ನೂ ಖುಷಿಯಿಂದ ಮಾಡುತ್ತಾರೆ, ಬೇಡ ಅನ್ನಲ್ಲ. ಒಂಬತ್ತು ವರ್ಷದ ಮಗುವಿಗೆ ಅದು ಶಿಕ್ಷೆ.

ಹಳ್ಳಗಳ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕೆಲವು ವರ್ಷದ ಹಿಂದೆ ಜುಲೈನಲ್ಲಿ ಎಂಟು ಜನರ ಒಂದು ತಂಡ ಕರೆದುಕೊಂಡು ಹೋಗಿದ್ದೆ. ಬೆಳಿಗ್ಗೆ ಹೋಗುವಾಗ ದಾರಿಯ ಒಂದು ಹಳ್ಳದಲ್ಲಿ ನೀರು ಮೊಣಕಾಲಿನ ಕೆಳಗೇ ಇತ್ತು, ತಳದ ಕಲ್ಲು ಎಣಿಸಬಹುದಿತ್ತು. ಮೂರು ಗಂಟೆಗೆ ವಾಪಸ್ ಬಂದಾಗ ಅದೇ ಜಾಗದಲ್ಲಿ ಸೊಂಟದವರೆಗೆ ಕಂದು ನೀರು. ನಾವಿದ್ದ ಕಡೆ ದೊಡ್ಡ ಮಳೆಯೇ ಬಂದಿರಲಿಲ್ಲ, ಮೇಲೆ ಎಲ್ಲೋ ಹುಯ್ದಿತ್ತು. ಒಬ್ಬ ಹುಡುಗ "ನನಗೆ ಈಜು ಬರುತ್ತೆ ಸಾರ್" ಅಂದ. ಆ ನೀರಿನಲ್ಲಿ ಈಜು ಬಂದು ಏನೂ ಉಪಯೋಗವಿಲ್ಲ. ನೀರಿನ ಅಂಚಿಗೆ ಒಂದು ಕೋಲು ನೆಟ್ಟು ಕೂತೆವು. ಒಂದೂವರೆ ಗಂಟೆ. ಬಿಸ್ಕತ್ತು ಮುಗಿಯಿತು, ಎಲ್ಲರಿಗೂ ಉಂಬಳ (ನೆಲದ ಜಿಗಣೆ) ಹತ್ತಿತು. ಕೊನೆಗೆ ಕೋಲಿನಿಂದ ಎರಡು ಗೇಣು ನೀರು ಹಿಂದೆ ಸರಿದ ಮೇಲೆ ಕೈಕೈ ಹಿಡಿದು ದಾಟಿದೆವು. ಅವತ್ತು ಆ ತಂಡದಲ್ಲಿ ಒಂದು ಮಗು ಇದ್ದಿದ್ದರೆ ನಾನು ಏನು ಮಾಡುತ್ತಿದ್ದೆ ಅಂತ ಈಗಲೂ ಯೋಚನೆ ಬರುತ್ತದೆ.

ಹಾಗಾದರೆ ಯಾವಾಗ ಬರಬೇಕು? ನನ್ನನ್ನು ಕೇಳಿದರೆ ದಸರಾ ರಜೆಯಲ್ಲಿ ಬನ್ನಿ. ಮಕ್ಕಳಿಗೆ ಹೇಗೂ ಶಾಲೆ ಇಲ್ಲ, ಮೂರು ದಿನವನ್ನು ನಾಲ್ಕು ಮಾಡಿಕೊಳ್ಳಬಹುದು. ಒಂದು ಎಚ್ಚರಿಕೆ: ನವರಾತ್ರಿಯ ದಿನಗಳಲ್ಲಿ ಶೃಂಗೇರಿ, ಹೊರನಾಡು ಎರಡೂ ಕಡೆ ಜನಜಾತ್ರೆ, ರೂಮು ಸಿಗುವುದು ಕಷ್ಟ. ವಿಜಯದಶಮಿ ಕಳೆದು ಎರಡು ದಿನ ಬಿಟ್ಟು, ವಾರದ ನಡುವೆ ಹೊರಡಿ.

ನೀರಿನ ಲೆಕ್ಕ ಹೀಗಿದೆ. ಕುದುರೆಮುಖದಲ್ಲಿ ವರ್ಷಕ್ಕೆ ಸುಮಾರು 7000 ಮಿಲಿಮೀಟರ್ ಮಳೆ, ನಿಮ್ಮ ಬೆಂಗಳೂರಿಗೆ ಬೀಳುವುದರ ಏಳು ಪಟ್ಟು. ಹೆಚ್ಚುಕಡಿಮೆ ಎಲ್ಲವೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಜುಲೈ, ಆಗಸ್ಟ್‌ನಲ್ಲಿ ಅಬ್ಬಿಗಳು ತುಂಬಿ ಬೀಳುತ್ತವೆ, ಆದರೆ ಮಂಜಿನಲ್ಲಿ ಸದ್ದು ಮಾತ್ರ ಕೇಳಿಸುವ ದಿನಗಳೂ ಇರುತ್ತವೆ. ಮಳೆ ಜೋರಾದರೆ ಹತ್ತಿರ ಹೋಗಲೂ ಬಿಡುವುದಿಲ್ಲ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ನಡುವಿನವರೆಗೆ ನೀರು ತಿಳಿಯಾಗಿರುತ್ತದೆ, ತುಂಬಿಯೂ ಇರುತ್ತದೆ, ಬೆಳಿಗ್ಗೆ ಹೊತ್ತು ಬಿಸಿಲು ಬೀಳುತ್ತದೆ. ಗುಡ್ಡ ಹಸಿರು, ಆಕಾಶ ತೊಳೆದಿಟ್ಟ ಹಾಗೆ. ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು, ಅದಕ್ಕೇ ಓಡಾಟ ಎಲ್ಲ ಬೆಳಿಗ್ಗೆ ಮುಗಿಸಬೇಕು. ಡಿಸೆಂಬರ್, ಜನವರಿ ಬೆಟ್ಟ ಹತ್ತುವವರಿಗೆ. ಫೆಬ್ರುವರಿ ಬಂತೆಂದರೆ ಹುಲ್ಲು ಒಣಗಿ ಬೆಂಕಿಯ ಭಯ ಶುರು, ಮೇವರೆಗೂ ಚಾರಣ ನಿಲ್ಲಿಸುವುದು ರೂಢಿ.

ಮಳೆ ನಿಂತು ಎರಡು ತಿಂಗಳಾದರೂ ಈ ಅಬ್ಬಿಗಳಲ್ಲಿ ನೀರು ಎಲ್ಲಿಂದ ಬರುತ್ತದೆ ಅಂತ ಮಕ್ಕಳು ಕೇಳಿದರೆ ಗುಡ್ಡದ ಕಡೆ ಕೈ ತೋರಿಸಿ. ಮೇಲೆಲ್ಲ ಹುಲ್ಲು, ಎರಡು ಗುಡ್ಡ ಕೂಡುವ ಕೊರಕಲಿನಲ್ಲಿ ಮಾತ್ರ ದಟ್ಟ ಕಾಡು. ಅದೇ ಶೋಲಾ. ಹುಲ್ಲು ಮತ್ತು ಅದರ ಕೆಳಗಿನ ಮಣ್ಣು ಸ್ಪಂಜಿನ ಹಾಗೆ ನೀರು ಹೀರಿಕೊಂಡು ಇಟ್ಟುಕೊಳ್ಳುತ್ತವೆ, ಕೊರಕಲಿನ ಕಾಡು ಅದನ್ನು ಸ್ವಲ್ಪ ಸ್ವಲ್ಪವಾಗಿ ಹಳ್ಳಕ್ಕೆ ಬಿಡುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಮೊದಲಿನ ಎರಡು ಪೂರ್ವಕ್ಕೆ ಹರಿದು ಕೂಡ್ಲಿಯಲ್ಲಿ ಸೇರಿ, ಕೃಷ್ಣೆಯ ಜೊತೆ ಬಂಗಾಳ ಕೊಲ್ಲಿ ಮುಟ್ಟುತ್ತವೆ. ಮೂರನೆಯದು ಪಶ್ಚಿಮಕ್ಕೆ ಇಳಿದು ಮಂಗಳೂರಿನಲ್ಲಿ ಕಡಲಿಗೆ. ಒಂದೇ ಗುಡ್ಡದ ಎರಡು ಮಗ್ಗುಲಿಗೆ ಬಿದ್ದ ಮಳೆ ಎರಡು ಸಮುದ್ರ ಸೇರುತ್ತದೆ ಅಂದರೆ ನಿಮ್ಮ ಹದಿಮೂರು ವರ್ಷದವರು ಮೊಬೈಲ್ ಕೆಳಗಿಡಬಹುದು. ಗ್ಯಾರಂಟಿ ಕೊಡಲಾರೆ.

ಈಗ ಅಬ್ಬಿಗಳ ವಿಚಾರ. ನಮ್ಮ ಕಡೆ ಜಲಪಾತ ಅನ್ನುವುದು ಬೋರ್ಡಿನ ಮೇಲಿನ ಮಾತು. ಊರವರಿಗೆ ಅದು ಅಬ್ಬಿ. ಘಟ್ಟ ಇಳಿದರೆ ತುಳುವಿನಲ್ಲಿ ಅರ್ಬಿ. ಹನುಮನಗುಂಡಿಯ ಇನ್ನೊಂದು ಹೆಸರು ಸೂತನಬ್ಬಿ, ಬಂಡಾಜೆಯ ಪೂರ್ತಿ ಹೆಸರು ಬಂಡಾಜೆ ಅರ್ಬಿ. ದಾರಿ ಕೇಳುವಾಗ "ಅಬ್ಬಿಗೆ ಎಲ್ಲಿ ಹೋಗಬೇಕು" ಅಂದರೆ ಬೇಗ ತಿಳಿಯುತ್ತದೆ.

ಕುದುರೆಮುಖದಿಂದ ಕಾರ್ಕಳದ ಕಡೆ ಹೋಗುವ ರಸ್ತೆಯಲ್ಲಿ ಮೊದಲು ನೆನಪಿಡಬೇಕಾದ್ದು ಕಡಾಂಬಿ. ರಸ್ತೆಯ ಪಕ್ಕದಲ್ಲೇ ಬೀಳುತ್ತದೆ, ನಡೆಯುವ ಮಾತೇ ಇಲ್ಲ. ನಿಮ್ಮ ಮಾವನವರು ಕಾರಿನ ಗಾಜು ಇಳಿಸಿ ನೋಡಬಹುದು. ದೊಡ್ಡದಲ್ಲ, ಆದರೆ ಮಂಡಿ ನೋವಿನವರಿಗೆ ಇಷ್ಟು ಸುಲಭದ ಅಬ್ಬಿ ಇನ್ನೊಂದಿಲ್ಲ.

ಅದೇ ರಸ್ತೆಯಲ್ಲಿ ಹನುಮನಗುಂಡಿ. ಇಲ್ಲಿ ಟಿಕೆಟ್ ತೆಗೆದುಕೊಂಡು ಮೆಟ್ಟಿಲು ಇಳಿಯಬೇಕು, ಸುಮಾರು ಮುನ್ನೂರು. ಜನ ಹತ್ತುವುದಕ್ಕೆ ಹೆದರುತ್ತಾರೆ, ಮಂಡಿ ಹಿಡಿಯುವುದು ಇಳಿಯುವಾಗ. ಮೆಟ್ಟಿಲು ಒಂದೇ ಅಳತೆಯದಲ್ಲ, ಒಂದು ಗೇಣು, ಇನ್ನೊಂದು ಮೊಳ. ಮೇಲೆ ಪಾಚಿ, ಎಲೆ. ಅರ್ಧ ಇಳಿಯುವಷ್ಟರಲ್ಲಿ ತಣ್ಣನೆ ಗಾಳಿ ಬೀಸಲು ಶುರುವಾಗುತ್ತದೆ, ಕನ್ನಡಕದ ಮೇಲೆ ಹನಿ ಕೂರುತ್ತದೆ, ಮಾತಾಡಿದರೆ ಕೇಳುವುದಿಲ್ಲ. ನೂರು ಅಡಿ ಮೀರಿದ ಎತ್ತರದಿಂದ ನೀರು ಬಂಡೆಯಿಂದ ಬಂಡೆಗೆ ಒಡೆದು ಬೀಳುತ್ತದೆ. ಮಾವನವರನ್ನು ಮೇಲೆಯೇ ಕೂರಿಸಿ. ಅತ್ತೆಯವರಿಗೆ ಆಗುತ್ತದೆ ಅನಿಸಿದರೆ ಒಂದು ಕೋಲು ಕೊಟ್ಟು ನಿಧಾನಕ್ಕೆ ಕರೆದುಕೊಂಡು ಹೋಗಿ. ವಾಪಸ್ ಹತ್ತುವಾಗ ಐವತ್ತು ಮೆಟ್ಟಿಲಿಗೊಮ್ಮೆ ನಿಲ್ಲಿ, ನಾಚಿಕೆ ಏನಿಲ್ಲ, ನಾನೂ ನಿಲ್ಲುತ್ತೇನೆ. ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿ. ಹನ್ನೊಂದರ ಮೇಲೆ ಮೆಟ್ಟಿಲಲ್ಲಿ ಎದುರು ಬದುರು ಜನ, ಒಬ್ಬರಿಗೊಬ್ಬರು ದಾರಿ ಬಿಡುವುದರಲ್ಲೇ ಕಾಲು ಜಾರುತ್ತದೆ.

ಈ ರಸ್ತೆ ರಾಷ್ಟ್ರೀಯ ಉದ್ಯಾನದ ಒಳಗಿನದ್ದು ಅನ್ನುವುದನ್ನು ಮರೆಯಬೇಡಿ. 1987ರಲ್ಲಿ ಉದ್ಯಾನ ಅಂತ ಘೋಷಣೆಯಾಗಿದ್ದು, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರು ಜಿಲ್ಲೆಗೆ ಸೇರಿ ಸುಮಾರು 600 ಚದರ ಕಿಲೋಮೀಟರ್. ಚೆಕ್‌ಪೋಸ್ಟಿನಲ್ಲಿ ಗಾಡಿಗೆ ಸಮಯ ಬರೆದ ಚೀಟಿ ಕೊಡುತ್ತಾರೆ. ಆ ಕಡೆಯ ಗೇಟಿಗೆ ಹೊತ್ತಿಗೆ ಸರಿಯಾಗಿ ತಲುಪದೆ, ನಡುವೆ ಎಲ್ಲೋ ಗಾಡಿ ನಿಲ್ಲಿಸಿ ಚಿತ್ರಾನ್ನ ತಿನ್ನುತ್ತಾ ಕೂತಿದ್ದರೆ ದಂಡ. ಹನುಮನಗುಂಡಿಗೆ ಹೋಗುತ್ತೇವೆ ಅಂತ ಗೇಟಿನಲ್ಲೇ ಹೇಳಿ. ಪ್ಲಾಸ್ಟಿಕ್ ಕವರು, ಚಿಪ್ಸ್ ಪ್ಯಾಕೆಟ್ ಇದ್ದರೆ ಬ್ಯಾಗಿನ ಒಳಗಿಡಿ, ಹಾಗೇ ವಾಪಸ್ ಒಯ್ಯಿರಿ. ಸಿಂಗಳೀಕ, ಕಾಟಿ, ಕಡವೆ ಎಲ್ಲ ಇರುವ ಕಾಡು. ಕಂಡರೆ ಕಂಡವು, ಹಾರನ್ ಹೊಡೆದು ಹುಡುಕಬೇಡಿ.

ಕುದುರೆಮುಖ ಪೇಟೆಯಲ್ಲಿ ಏನಿದೆ ಅಂತ ಮಾವನವರು ಕೇಳಬಹುದು, ಅವರ ವಯಸ್ಸಿನವರಿಗೆ ಅದು ಕಬ್ಬಿಣದ ಅದಿರಿನ ಊರು. ಸುಪ್ರೀಂ ಕೋರ್ಟ್ ಆದೇಶದ ಮೇಲೆ 2005ರ ಕೊನೆಗೆ ಗಣಿ ನಿಂತಿತು. ಕ್ವಾರ್ಟರ್ಸ್ ಖಾಲಿಯಾದವು, ಗೋಡೆಯ ಮೇಲೆ ಪಾಚಿ ಬೆಳೆಯಿತು. ಲಕ್ಯಾ ಅಣೆಕಟ್ಟು ಅಂತ ಹೆಸರು ಕೇಳಿರುತ್ತೀರಿ. ಅದನ್ನು ಕಟ್ಟಿದ್ದು ಗಣಿಯಿಂದ ಬಂದ ಕೆಸರು ಹಿಡಿದಿಡಲು, ಪಿಕ್ನಿಕ್ ಜಾಗವಲ್ಲ.

ಬಂಡಾಜೆಯನ್ನು ಪಟ್ಟಿಯಿಂದ ತೆಗೆಯಿರಿ. ಕಾರಣ ದೂರ ಮಾತ್ರ ಅಲ್ಲ. ಅದು ಕುದುರೆಮುಖ ಪೇಟೆಯಿಂದ ಹೋಗಿ ನೋಡಿ ಬರುವ ಜಾಗವೇ ಅಲ್ಲ, ಅದಕ್ಕೇ ಒಂದು ದಿನ ಬೇಕು. ಮೂಡಿಗೆರೆ ಕಡೆಯಿಂದ ಹೋದರೆ ಸುಂಕಸಾಲೆ ಹತ್ತಿರದಿಂದ ಹತ್ತಿ, ಹೊಯ್ಸಳರ ಕಾಲದ ಬಲ್ಲಾಳರಾಯನ ದುರ್ಗದ ಕೋಟೆ ದಾಟಿ, ಹುಲ್ಲುಗುಡ್ಡಗಳ ಮೇಲೆ ನಡೆದು ಅಬ್ಬಿಯ ನೆತ್ತಿಗೆ ಬರುತ್ತೀರಿ. ನೆತ್ತಿಗೆ, ಗಮನಿಸಿ. ಹಳ್ಳ ತಣ್ಣಗೆ ಹರಿದುಕೊಂಡು ಬಂದು ನಿಮ್ಮ ಕಾಲ ಹತ್ತಿರ ಮಾಯವಾಗುತ್ತದೆ, ಕೆಳಗೆ ಬೆಳ್ತಂಗಡಿ ಕಡೆಯ ಕಾಡು ಕಾಣುತ್ತದೆ. ಫೋಟೋದಲ್ಲಿ ನೋಡಿದ ಬಿಳಿ ಧಾರೆ ಅಲ್ಲಿಂದ ಕಾಣುವುದೇ ಇಲ್ಲ. ಎಷ್ಟೋ ಜನ ಅದನ್ನು ನೋಡಬೇಕೆಂದು ಅಂಚಿಗೆ ಬಗ್ಗುತ್ತಾರೆ. ಮಕ್ಕಳನ್ನು ಆ ಅಂಚಿಗೆ ಕರೆದೊಯ್ಯಲು ನಾನಂತೂ ಒಪ್ಪಲ್ಲ. ಕೆಳಗಿನ ಬೆಳ್ತಂಗಡಿ ಕಡೆಯಿಂದ ಬರುವ ದಾರಿ ಕಡಿದಾದ ಕಾಡಿನ ಏರು.

ಆಗುಂಬೆಗೆ ಅದರದ್ದೇ ಎರಡು ದಿನ ಕೊಡಿ, ಇನ್ನೊಂದು ಸಲ.

ಈಗ ನಾಲ್ಕು ದಿನ ಹೀಗೆ ಮಾಡಿ. ಮೊದಲ ದಿನ ಬೆಳಿಗ್ಗೆ ಐದಕ್ಕೆ ಬೆಂಗಳೂರು ಬಿಡಿ. ಬೇಲೂರಿನಲ್ಲಿ ಇಳಿಯಬೇಡಿ. "ಬಂದಿದ್ದೇವಲ್ಲ, ದೇವಸ್ಥಾನ ನೋಡಿಬಿಡೋಣ" ಅಂತ ಯಾರಾದರೂ ಅಂದೇ ಅನ್ನುತ್ತಾರೆ, ಅಲ್ಲಿಗೆ ಎರಡು ಗಂಟೆ ಹೋಯಿತು ಅಂತಲೇ ಲೆಕ್ಕ. ಕೊಟ್ಟಿಗೆಹಾರದಲ್ಲಿ ನೀರ್ ದೋಸೆ ತಿನ್ನಿ, ಅದಕ್ಕೆ ಮಾತ್ರ ನಿಲ್ಲಬಹುದು. ಮಧ್ಯಾಹ್ನ ಕಳಸ ಅಥವಾ ಸಂಸೆ ಸುತ್ತಮುತ್ತ ಒಂದು ಹೋಂಸ್ಟೇ ಸೇರಿ, ಊಟ ಮಾಡಿ, ಮಲಗಿ. ಸಂಜೆ ಕಳಸೇಶ್ವರನ ದೇವಸ್ಥಾನ, ಭದ್ರೆಯ ದಡ. ಅಷ್ಟೇ.

ಎರಡನೇ ದಿನ ಬೆಳಿಗ್ಗೆ ಬೇಗ ಮುಳ್ಳೋಡಿ ಕಡೆಗೆ ಜೀಪು ಮಾಡಿಕೊಂಡು ಸೋಮಾವತಿ ಅಬ್ಬಿ. ಸ್ವಲ್ಪ ನಡೆಯಬೇಕು, ಮಕ್ಕಳಿಗೆ ಹೇಳಿಮಾಡಿಸಿದ ನಡಿಗೆ. ಜೀಪಿನ ದಾರಿ ಮಾತ್ರ ಅನುಭವಿಸಿಯೇ ತಿಳಿಯಬೇಕು, ಕೂತಲ್ಲಿ ಕೂತಿರಲು ಬಿಡುವುದಿಲ್ಲ. ಸೊಂಟ ನೋವು, ಮಂಡಿ ನೋವು ಇದ್ದವರಿಗೆ ಬೇಡ. ಆ ಹೊತ್ತಿಗೆ ಅತ್ತೆ-ಮಾವ ಹೋಂಸ್ಟೇ ಜಗಲಿಯಲ್ಲಿ ಕೂತು ಎರಡನೇ ಕಾಫಿ ಕುಡಿಯಲಿ. ಮಧ್ಯಾಹ್ನ ಎಲ್ಲರೂ ಸೇರಿ ಹೊರನಾಡು, ಕಳಸದಿಂದ ಎಂಟು ಕಿಲೋಮೀಟರ್. ಅನ್ನಪೂರ್ಣೇಶ್ವರಿಯ ದರ್ಶನ, ಅಲ್ಲೇ ಊಟ. ಊಟ ಬಿಟ್ಟು ಬರಬೇಡಿ.

ಮೂರನೇ ದಿನ ಲಗೇಜು ಕಟ್ಟಿ ಹೊರಡಿ. ಕುದುರೆಮುಖ, ಕಡಾಂಬಿ, ಹನುಮನಗುಂಡಿ ಬೆಳಿಗ್ಗೆಯೇ ಮುಗಿಸಿ, ಎಸ್.ಕೆ. ಬಾರ್ಡರ್ ಕವಲಿನಿಂದ ಕೆರೆಕಟ್ಟೆ ಮೇಲೆ ಶೃಂಗೇರಿ. ಈ ಎಸ್.ಕೆ. ಅಂದರೆ ಸೌತ್ ಕೆನರಾ. ಜಿಲ್ಲೆಯ ಹೆಸರು ಹೋಗಿ ಎಷ್ಟೋ ವರ್ಷವಾಯಿತು, ಗಡಿಯ ಹೆಸರು ಮಾತ್ರ ಹಾಗೇ ಉಳಿದಿದೆ. ರಾತ್ರಿ ಶೃಂಗೇರಿಯಲ್ಲಿ ಉಳಿಯಿರಿ. ನಾಲ್ಕನೇ ದಿನ ಬೆಳಿಗ್ಗೆ ಶಾರದಾಂಬೆಯ ದರ್ಶನ, ಆಮೇಲೆ ಕಿಗ್ಗದ ಹತ್ತಿರ ಸಿರಿಮನೆ. ಅದು ಉದ್ಯಾನದ ಒಳಗಿನದ್ದಲ್ಲ, ಆದರೆ ಕಾರು ಹತ್ತಿರದವರೆಗೆ ಹೋಗುತ್ತದೆ, ಮೆಟ್ಟಿಲು ಹನುಮನಗುಂಡಿಯಷ್ಟಿಲ್ಲ. ಮಾವನವರು ಒಂದು ಅಬ್ಬಿಯನ್ನಾದರೂ ಹತ್ತಿರದಿಂದ ನೋಡಲಿ. ಕಿಗ್ಗದ ಋಷ್ಯಶೃಂಗೇಶ್ವರನಿಗೆ ಮಳೆ ಬೇಕೆಂದರೂ ಪೂಜೆ, ಸಾಕೆಂದರೂ ಪೂಜೆ. ನಿಮಗೆ ಆ ದಿನ ಯಾವುದು ಬೇಕೋ ಅದನ್ನು ಕೇಳಿಕೊಳ್ಳಿ. ಮಧ್ಯಾಹ್ನದೊಳಗೆ ಬೆಂಗಳೂರಿನ ದಾರಿ ಹಿಡಿಯಿರಿ.

ತಮ್ಮನಿಗೆ ಶಿಖರ ಬೇಕೇ ಬೇಕು ಅಂದರೆ ಎರಡನೇ ದಿನ ಅವರೊಬ್ಬರೇ ಬೇರೆಯಾಗಿ ಹೋಗಲಿ. ಟಿಕೆಟ್ ಅರಣ್ಯ ಇಲಾಖೆಯ ಅರಣ್ಯ ವಿಹಾರ ವೆಬ್‌ಸೈಟಿನಲ್ಲಿ ಮೊದಲೇ ತೆಗೆದುಕೊಳ್ಳಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತದಲ್ಲಿ ಒಂದೇ ಸಲಕ್ಕೆ ಸಾವಿರಾರು ಜನ ಸಾಲುಗಟ್ಟಿ ನಿಂತ ಫೋಟೋ ನೋಡಿರಬಹುದು, ಅದಾದ ಮೇಲೆ ಬಿಗಿ ಮಾಡಿದರು. ಕುದುರೆಮುಖಕ್ಕೆ ದಿನಕ್ಕೆ 300 ಜನ ಅಂತ ಮಿತಿ ಇಟ್ಟರು. ಶನಿವಾರ, ಭಾನುವಾರದ್ದು ಬೇಗ ಮುಗಿಯುತ್ತದೆ, ವಾರದ ನಡುವೆ ಸಿಗುತ್ತದೆ. ಗೈಡ್ ಇಲ್ಲದೆ ಬಿಡುವುದಿಲ್ಲ. ಆಧಾರ್ ಇರಲಿ, ಟಿಕೆಟ್ ಪ್ರಿಂಟ್ ಕೈಯಲ್ಲಿರಲಿ. "ನೀವು ಬನ್ನಿ, ಟಿಕೆಟ್ ನಾವು ನೋಡ್ಕೋತೀವಿ" ಅನ್ನುವವರ ಮಾತು ಕೇಳಿ ನನ್ನ ಪರಿಚಯದ ಒಂದು ತಂಡ ಬೆಳಿಗ್ಗೆ ಆರಕ್ಕೆ ಗೇಟಿನಲ್ಲಿ ನಿಂತು ಹಾಗೇ ವಾಪಸ್ ಬಂದಿದೆ. ಅಷ್ಟು ದೂರ ನಡೆಯಲು ಮನಸ್ಸಿಲ್ಲದಿದ್ದರೆ ಸಂಸೆ ಕಡೆಯಿಂದಲೇ ನೇತ್ರಾವತಿ ಶಿಖರ ಇದೆ, ಕುದುರೆಮುಖಕ್ಕಿಂತ ಚಿಕ್ಕದು. ಹದಿಮೂರು ವರ್ಷದವರು ದಿನಾ ಆಟ ಆಡುವ ಮಗುವಾಗಿದ್ದರೆ ಮಾಮನ ಜೊತೆ ಅದಕ್ಕೆ ಹೋಗಬಹುದು.

ಉಂಬಳದ ವಿಚಾರ ನೀವು ಕೇಳಿಲ್ಲ, ಆದರೆ ಮೊದಲ ಹತ್ತು ನಿಮಿಷದಲ್ಲೇ ಕೇಳುತ್ತೀರಿ. ಪೇಟೆಯವರು ಎಲ್ಲದಕ್ಕೂ ಜಿಗಣೆ ಅನ್ನುತ್ತಾರೆ. ನಮಗೆ ನೀರಿನಲ್ಲಿರುವುದು ಜಿಗಣೆ, ನೆಲದ ಮೇಲಿರುವುದು ಉಂಬಳ. ಎಲೆಯ ಮೇಲೆ ದಾರದ ತುಂಡಿನ ಹಾಗೆ ನೆಟ್ಟಗೆ ನಿಂತು, ನೀವು ಬರುವ ಕಡೆಗೆ ಬಾಗಿ ತೂಗುತ್ತಿರುತ್ತದೆ. ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅಕ್ಟೋಬರ್‌ನಲ್ಲಿ ಮಳೆಗಾಲದಷ್ಟು ಇರುವುದಿಲ್ಲ, ಆದರೂ ಹಳ್ಳದ ಬದಿಯಲ್ಲಿ ಇದ್ದೇ ಇರುತ್ತವೆ. ಪ್ಯಾಂಟನ್ನು ಕಾಲುಚೀಲದ ಒಳಗೆ ತೂರಿಸಿ. ನಮ್ಮ ತೋಟದ ಆಳುಗಳು ಸುಣ್ಣ, ಹೊಗೆಸೊಪ್ಪು ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿಗೆ ಸಿಕ್ಕಿಸಿ ಇಟ್ಟುಕೊಳ್ಳುತ್ತಾರೆ. ಉಂಬಳಕ್ಕೆ ಮುಟ್ಟಿಸಿದರೆ ಸಾಕು, ಉದುರುತ್ತದೆ. ಹಿಡಿದು ಎಳೆಯಬೇಡಿ. ಬೆರಳಿನ ಉಗುರನ್ನು ಅದರ ಬಾಯಿಯ ಪಕ್ಕಕ್ಕೆ ಒತ್ತಿ ಅಡ್ಡಕ್ಕೆ ಸರಿಸಿ, ಬಿಟ್ಟುಕೊಳ್ಳುತ್ತದೆ. ಆಮೇಲೆ ರಕ್ತ ಸುಮಾರು ಹೊತ್ತು ಸೋರುತ್ತದೆ, ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಅದು ಬಿಟ್ಟಿರುತ್ತದೆ, ಅದಕ್ಕೆ. ತೊಳೆದು, ಹತ್ತಿ ಒತ್ತಿ, ಪಟ್ಟಿ ಹಾಕಿ. ಎರಡು ಮೂರು ದಿನ ತುರಿಕೆ ಇರುತ್ತದೆ, ಮಕ್ಕಳು ಕೆರೆಯದಂತೆ ನೋಡಿಕೊಳ್ಳಿ. ಮನೆಯಲ್ಲಿ ಯಾರಾದರೂ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅವರು ಹಳ್ಳದ ಬದಿಗೆ ಹೋಗದಿರುವುದೇ ಒಳ್ಳೆಯದು.

ಜೀನ್ಸ್ ಬೇಡ. ಒದ್ದೆಯಾದರೆ ಎರಡು ದಿನ ಒಣಗುವುದಿಲ್ಲ, ತೊಡೆ ಉಜ್ಜುತ್ತದೆ. ಛತ್ರಿ ಊರಿನಲ್ಲಿ ಸರಿ, ಗುಡ್ಡದ ಗಾಳಿಗೆ ಮಡಚಿ ಹೋಗುತ್ತದೆ, ರೈನ್‌ಕೋಟು ತನ್ನಿ. ಶೂ ದುಬಾರಿಯದ್ದೇ ಆಗಬೇಕೆಂದಿಲ್ಲ, ಅಡಿ ಸವೆದಿರಬಾರದು. ನಮ್ಮ ಗೈಡ್ ಹುಡುಗರು ಅಡಿಯಲ್ಲಿ ಉಬ್ಬುಗಳಿರುವ ಅಗ್ಗದ ಪ್ಲಾಸ್ಟಿಕ್ ಶೂ ಹಾಕಿಕೊಂಡು ನಿಮ್ಮ ಮುಂದೆ ಓಡುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ನಾನು ಹಟಮಾರಿ. ಯಾವ ಅಬ್ಬಿಯಲ್ಲೂ ಬೇಲಿ ದಾಟಿ ಬಂಡೆಯ ಮೇಲೆ ಹೋಗಬೇಡಿ, ಫೋಟೋಗೂ ಬೇಡ, ರೀಲ್ಸ್‌ಗೂ ಬೇಡ. 2023ರ ಜುಲೈನಲ್ಲಿ ಕೊಲ್ಲೂರಿನ ಹತ್ತಿರ ಅರಿಶಿನಗುಂಡಿಯಲ್ಲಿ ಬಂಡೆಯ ಮೇಲೆ ನಿಂತಿದ್ದ ಯುವಕ ಕಾಲು ಜಾರಿ ಕೊಚ್ಚಿಹೋಗಿದ್ದನ್ನು ಎಲ್ಲರೂ ಮೊಬೈಲಿನಲ್ಲಿ ನೋಡಿದ್ದೇವೆ. ಒಣಗಿದಂತೆ ಕಾಣುವ ಕಪ್ಪು ಬಂಡೆಯ ಮೇಲೂ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ನೀರಿನ ಹತ್ತಿರ ಇದ್ದಾಗ ಒಬ್ಬ ದೊಡ್ಡವರು ಫೋಟೋ ತೆಗೆಯದೆ ನೀರನ್ನೇ ನೋಡುತ್ತಿರಲಿ. ತಿಳಿನೀರು ಇದ್ದಕ್ಕಿದ್ದಂತೆ ಚಹಾದ ಬಣ್ಣಕ್ಕೆ ತಿರುಗಿದರೆ, ಎಲೆ, ಕಡ್ಡಿ ತೇಲಿಬರಲು ಶುರುವಾದರೆ, ಸದ್ದು ದಪ್ಪವಾದರೆ, ಚಪ್ಪಲಿ ಹುಡುಕದೆ ಮಕ್ಕಳನ್ನು ಎತ್ತಿಕೊಂಡು ಮೇಲೆ ಬನ್ನಿ. ನೆತ್ತಿಯ ಮೇಲೆ ಬಿಸಿಲು ಇದ್ದರೂ ಅಷ್ಟೇ.

ಇಷ್ಟೆಲ್ಲ ಹೇಳಿದ ಮೇಲೂ ಆಗಸ್ಟ್‌ನಲ್ಲೇ ಬರುತ್ತೇವೆ ಅಂದರೆ ಹವಾಮಾನದ ಆ್ಯಪ್ ಜೊತೆಗೆ ಇನ್ನೊಂದನ್ನು ನೋಡಿ. ಹಿಂದಿನ ರಾತ್ರಿ ಚಿಕ್ಕಮಗಳೂರು ಡಿಸಿ ಮೂಡಿಗೆರೆ, ಕಳಸ, ಶೃಂಗೇರಿ, ಕೊಪ್ಪ ತಾಲ್ಲೂಕಿನ ಶಾಲೆಗಳಿಗೆ ರಜೆ ಕೊಟ್ಟಿದ್ದಾರಾ ಅಂತ. ನಮ್ಮ ಮಕ್ಕಳೇ ಶಾಲೆಗೆ ಹೋಗದ ಮಳೆಯಲ್ಲಿ ನಿಮ್ಮ ಮಕ್ಕಳು ಅಬ್ಬಿಗೆ ಹೋಗುವುದು ಬೇಡ. ಅಂಥ ದಿನ ಹೋಂಸ್ಟೇಯಲ್ಲೇ ಕೂತು ಬಿಸಿ ಕಡುಬು, ಪತ್ರೊಡೆ, ಸಿಕ್ಕರೆ ಕಳಲೆ ಪಲ್ಯ ತಿನ್ನಿ, ಅದೂ ಮಲೆನಾಡೇ.

ಸಿಗ್ನಲ್ ನಂಬಬೇಡಿ. ಮ್ಯಾಪನ್ನು ಮೊದಲೇ ಇಳಿಸಿಕೊಳ್ಳಿ, ಹೋಂಸ್ಟೇಯವರ ನಂಬರ್ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಜೀಪಿನವರಿಗೆ, ಗೈಡಿಗೆ ಕೊಡಲು ನಗದು ಇರಲಿ. ಪೆಟ್ರೋಲ್ ಮೂಡಿಗೆರೆಯಲ್ಲಿ ತುಂಬಿಸಿ, ಕಳಸದಲ್ಲಿ ಇನ್ನೊಮ್ಮೆ. ಕಾರು ಓಡಿಸುವುದು ಕಷ್ಟ ಅನಿಸಿದರೆ ಬೆಂಗಳೂರಿಂದ ಕಳಸ, ಹೊರನಾಡಿಗೆ ರಾತ್ರಿ ಕೆಎಸ್‌ಆರ್‌ಟಿಸಿ ಬಸ್ಸು ಇದೆ, ಬೆಳಿಗ್ಗೆ ಇಳಿದು ಅಲ್ಲೇ ಗಾಡಿ ಮಾಡಿಕೊಳ್ಳಬಹುದು. ಮೂಡಿಗೆರೆ ದಾಟಿದ ಮೇಲೆ ತಿರುವು ಶುರು, ಯಾರಿಗೆ ವಾಂತಿಯಾಗುತ್ತದೋ ಅವರನ್ನು ಅಲ್ಲೇ ಮುಂದಿನ ಸೀಟಿಗೆ ಕೂರಿಸಿ. ಮಾವನವರು ಮಂಡಿ ನೋವೆಂದು ಮುಂದೆ ಕೂತಿರುತ್ತಾರೆ, ಗೊತ್ತು. ಆ ಒಂದೆರಡು ಗಂಟೆ ಮೊಮ್ಮಗುವಿಗೆ ಬಿಟ್ಟುಕೊಡಲು ಈಗಲೇ ಹೇಳಿಡಿ.